ಕೋಳಿ ಬಂತು, ತತ್ತಿನೂ ಬಂತು. ಹೆಂಗಸರ ತಟ್ಟೆಗೆ ಮಾತ್ರ ಯಾಕೆ ಬರ್ತಿಲ್ಲ?

ಹಿತ್ತಲಬಾಗಿಲು
ಎಲ್ಲರಿಗೂ ನಮಸ್ಕಾರ. ಮುಂಡರಗಿ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುತ್ತೇನೆ. ಹೋದ ವರ್ಷ ಸಂಘದವರಿಗೆ ಗಿರಿರಾಜ ತಳಿಯ ಕೋಳಿಮರಿ ಕೊಡಿಸಿದೆವು, ಮನೆಗೆ ಐದಾರು. ಜೊತೆಗೆ ತಿಂಗಳಿಗೊಮ್ಮೆ ಊಟ, ಆರೋಗ್ಯದ ಬಗ್ಗೆ ಮಾತುಕತೆ. ಹೆಂಗಸರು ವಾರಕ್ಕೆ ಮೂರ್ನಾಲ್ಕು ತತ್ತಿ ತಿನ್ನಲಿ, ರಕ್ತ ಕಡಿಮೆ ಇರುವುದು ಸುಧಾರಿಸಲಿ ಅನ್ನುವುದು ನಮ್ಮ ಆಸೆ.

ಮರಿ ದೊಡ್ಡವಾದವು. ಚೆನ್ನಾಗಿಯೇ ತತ್ತಿ ಇಡುತ್ತಿವೆ. ಮೊನ್ನೆ ಮನೆ ಮನೆಗೆ ಹೋಗಿ "ನಿನ್ನೆ ಮುಂಜಾನೆಯಿಂದ ರಾತ್ರಿವರೆಗೆ ಏನೇನು ತಿಂದಿರಿ" ಅಂತ ಕೇಳಿದೆ. ತತ್ತಿ ತಿಂದ ಹೆಂಗಸರು ಸಿಕ್ಕಿದ್ದೇ ಅಪರೂಪ. ಗಂಡ ತಿಂದಿದ್ದಾನೆ, ಮಕ್ಕಳು ತಿಂದಿವೆ, ಮಾವನಿಗೆ ಕೊಟ್ಟಿದ್ದಾರೆ, ಉಳಿದದ್ದು ಮಾರಾಟಕ್ಕೆ. ಒಬ್ಬ ಅಕ್ಕ ಬುಟ್ಟಿ ತೆಗೆದು ತೋರಿಸಿದರು. ಜೋಳದ ಹೊಟ್ಟಿನೊಳಗೆ ಹನ್ನೊಂದು ತತ್ತಿ, ಮೇಲೆ ಹಳೇ ಸೀರೆಯ ತುಂಡು. "ಇವು ಮಂಗಳವಾರ ಬರೋ ವ್ಯಾಪಾರಿಗೆ ರೀ" ಅಂದರು. ಅವರು ಹಿಂದಿನ ದಿನ ತಿಂದದ್ದು ರೊಟ್ಟಿ, ಕೆಂಪು ಚಟ್ನಿ, ಒಂದಿಷ್ಟು ಸಾರು. ನೀವ್ಯಾಕೆ ತಿನ್ನಲ್ಲ ಅಂದರೆ, "ನಾ ಏನ್ ಸಣ್ಣ ಹುಡುಗಿ ಏನ್ರಿ, ತತ್ತಿ ತಿನ್ನಾಕ?"

ಇಂಥ ಕೆಲಸ ಮಾಡಿದವರು ಇಲ್ಲಿ ಇದ್ದರೆ ಹೇಳಿ. ಇನ್ನಷ್ಟು ಕೋಳಿ ಕೊಡಿಸಬೇಕಾ? ಮಾತುಕತೆ ಜಾಸ್ತಿ ಮಾಡಬೇಕಾ? ಅಥವಾ ನಾವು ಬೇರೆ ಏನನ್ನೋ ಬಿಟ್ಟಿದ್ದೇವಾ?

ಬ್ಯಾಡಗಿ ಖಾರ
ಸೋಮವಾರ ರಾತ್ರಿ ಬುಟ್ಟಿಯಲ್ಲಿ ಒಂದೆರಡು ಬಿರುಕು ಬಿಡುವ ಹಾಗೆ ನೋಡಿಕೊಳ್ಳಿ. ಒಡೆದ ತತ್ತಿ ವ್ಯಾಪಾರಿ ತಗೊಳ್ಳಲ್ಲ. ತಿನ್ನದೆ ಬೇರೆ ದಾರಿ ಇಲ್ಲ.

ಲೆಕ್ಕದ ಮನುಷ್ಯ
ಇದರಲ್ಲಿ ತಪ್ಪೇನಿದೆ ಅಂತ ನನಗೆ ಅರ್ಥ ಆಗ್ತಿಲ್ಲ. ಗಿರಿರಾಜದ ತತ್ತಿ ಕಂದು ಬಣ್ಣ ಇರುವುದರಿಂದ ಪೇಟೆಯಲ್ಲಿ ಜವಾರಿ (ನಾಟಿ) ಅಂತಲೇ ಹೋಗುತ್ತದೆ. ಜವಾರಿ ತತ್ತಿಗೆ ಫಾರಂ ತತ್ತಿಯ ಎರಡು ಪಟ್ಟು ರೇಟು ಸಿಗುತ್ತದೆ. ಒಂದು ಮಾರಿ ಎರಡು ಬಿಳಿ ತತ್ತಿ ತರಬಹುದು. ಸತ್ವದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮಾರುವುದೇ ಜಾಣತನ. ಅದನ್ನು ಬಿಡಿಸುವುದು ಯಾಕೆ?

ರೊಟ್ಟಿಬುಟ್ಟಿ
ಲೆಕ್ಕದ ಅಣ್ಣಾ, ಕಾಗದದ ಮೇಲೆ ನಿಮ್ಮ ಲೆಕ್ಕ ಸರಿ. ಆ ಎರಡು ಬಿಳಿ ತತ್ತಿ ತರೋರು ಯಾರು? ಸಂತೆಗೆ ಹೋಗೋರು ಗಂಡಸರು. ತರಕಾರಿ, ಚಹಾಪುಡಿ, ಸಕ್ಕರೆ, ಬೀಡಿ ಎಲ್ಲ ಬರುತ್ತೆ. ಹೆಂಡತಿಗೆ ಅಂತ ತತ್ತಿ ಕಟ್ಟಿಸಿಕೊಂಡು ಬಂದ ಗಂಡಸನ್ನು ನಮ್ಮ ನವಲಗುಂದದ ಕಡೆ ನಾನಂತೂ ನೋಡಿಲ್ಲ.

ಹಾಗಂತ ಮಾರಬೇಡಿ ಅನ್ನೋದೂ ಸರಿಯಲ್ಲ. ನಮ್ಮ ಅತ್ತೆಯ ಕೈಗೆ ತನ್ನದು ಅಂತ ಬರುತ್ತಿದ್ದ ರೊಕ್ಕ ತತ್ತಿಯದ್ದು ಮಾತ್ರ. ಹತ್ತಿ ರೊಕ್ಕ, ಕಡಲೆ ರೊಕ್ಕ ಎಲ್ಲ ಮಾವನ ಕಿಸೆಗೆ. ತತ್ತಿ ರೊಕ್ಕ ಸಾಸಿವೆ ಡಬ್ಬಿಗೆ. ಮಗಳು ತವರಿಗೆ ಬಂದಾಗ ಕುಪ್ಪಸದ ಬಟ್ಟೆ, ಮೊಮ್ಮಗನ ಪೆನ್ಸಿಲು, ಗುಳಿಗೆ, ಎಲ್ಲ ಆ ಡಬ್ಬಿಯಿಂದಲೇ. ಅದನ್ನು ಕಿತ್ತುಕೊಂಡು "ತತ್ತಿ ತಿನ್ನಿ, ಪ್ರೋಟೀನ್ ಇದೆ" ಅಂದರೆ ಯಾರು ಕೇಳ್ತಾರೆ?

ಹಿತ್ತಲಬಾಗಿಲು
ರೊಟ್ಟಿಬುಟ್ಟಿ ಅಕ್ಕಾ, ಇದನ್ನು ನಾನು ಯೋಚಿಸಿರಲಿಲ್ಲ. ವ್ಯಾಪಾರಿ ಬಂದಾಗ ದುಡ್ಡು ಯಾರ ಕೈಗೆ ಕೊಡ್ತಾನೆ ಅಂತ ಈ ಸಲ ನೋಡ್ತೀನಿ.

ಕಪ್ಪತಗುಡ್ಡದ ಗಾಳಿ
ನಾನು ಅದೇ ಕಡೆಯವನು, ಡೋಣಿ ಹತ್ತಿರ ಹೊಲ ಇದೆ. ಮೊದಲು ಕೋಳಿ ಲೆಕ್ಕ ಹಾಕೋಣ. ಗಿರಿರಾಜ ವರ್ಷಕ್ಕೆ 140-150 ತತ್ತಿ ಇಡುತ್ತದೆ ಅಂತ ಪುಸ್ತಕ ಹೇಳುತ್ತೆ. ಅದು ಸರಿಯಾಗಿ ಕಾಳು ಹಾಕಿದರೆ. ನಮ್ಮಲ್ಲಿ ಕಣದಲ್ಲಿ ಬಿದ್ದ ಜೋಳ, ತಿಪ್ಪೆಯ ಹುಳ, ಮುಸುರೆ ತಿಂದು ಬದುಕುವ ಕೋಳಿಗೆ 100 ಹಿಡಿಯಿರಿ. ಐದು ಹೇಂಟೆ ಅಂದರೆ 500. ಮನೆಯಲ್ಲಿ ಐದು ಜನ. ಒಂದನ್ನೂ ಮಾರದೆ ಸಮ ಹಂಚಿದರೂ ವಾರಕ್ಕೆ ತಲಾ ಎರಡೇ. ನಿಮ್ಮ "ವಾರಕ್ಕೆ ಮೂರ್ನಾಲ್ಕು" ಮೊದಲ ದಿನವೇ ಆಗದ ಮಾತು.

ಇನ್ನೊಂದು. ಗಿರಿರಾಜ ಬೇಡ, ಜವಾರಿ ಸಾಕಿ. ಗಿರಿರಾಜಕ್ಕೆ ಮೈ ಭಾರ, ಓಡೋಕೆ ಬರಲ್ಲ. ನಮ್ಮ ಗುಡ್ಡದ ಬದಿ ಮುಂಗಸಿ, ಕಾಡುಬೆಕ್ಕು, ಹದ್ದು ಮೂರೂ ಇವೆ. ಜವಾರಿ ಕೋಳಿ ಹದ್ದಿನ ನೆರಳು ಕಂಡರೆ ಸಾಕು, ಮರಿಗಳನ್ನು ಕರೆದುಕೊಂಡು ಕಣಿಕೆ ಬಣವೆಯ ಕೆಳಗೆ. ಗಿರಿರಾಜ ನಿಂತು ಮೇಲೆ ನೋಡುತ್ತೆ.

ಪಶುವೈದ್ಯ ಹಾವೇರಿ
ಕಪ್ಪತಗುಡ್ಡದವರ ಲೆಕ್ಕ ಒಪ್ಪುತ್ತೇನೆ, ತಳಿಯ ಮಾತು ಅರ್ಧ ಮಾತ್ರ. ಜವಾರಿ ಹೇಂಟೆ ವರ್ಷಕ್ಕೆ ಇಡುವುದು 50-60 ತತ್ತಿ. ಹತ್ತು ಹದಿನೈದು ಇಟ್ಟು ಕಾವಿಗೆ ಕೂರುತ್ತದೆ, 21 ದಿನ ಕೂತು ಮರಿ ಮಾಡುತ್ತದೆ, ಆಮೇಲೆ ಮರಿ ಹಿಂದೆ ತಿಂಗಳುಗಟ್ಟಲೆ ತಿರುಗುತ್ತದೆ. ಅಷ್ಟು ದಿನ ತತ್ತಿ ಬಂದ್. ಮರಿ ಬೇಕು, ಕೋಳಿ ಮಾರಬೇಕು ಅಂದರೆ ಜವಾರಿ. ತತ್ತಿ ಬೇಕು ಅಂದರೆ ಸುಧಾರಿತ ತಳಿ.

ಗಿರಿರಾಜ ಬಂದದ್ದು 1989ರಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದಿಂದ. ಆಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ಅದಕ್ಕೆ ತೂಕ ಸ್ವಲ್ಪ ಕಡಿಮೆ, ತತ್ತಿ ಜಾಸ್ತಿ, ವರ್ಷಕ್ಕೆ 180ರ ಆಸುಪಾಸು. ಹೈದರಾಬಾದಿನ ಗ್ರಾಮಪ್ರಿಯವೂ ತತ್ತಿಗೇ ಒಳ್ಳೆಯದು. ವನರಾಜ ತತ್ತಿಗೂ ಮಾಂಸಕ್ಕೂ. ಗುಡ್ಡದ ಬದಿಯ ಊರಿಗೆ ಗಿರಿರಾಜಕ್ಕಿಂತ ಸ್ವರ್ಣಧಾರ ವಾಸಿ, ಚುರುಕಾಗಿ ಓಡಾಡುತ್ತದೆ.

ಸುಧಾರಿತ ತಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ಕೋಳಿಗೆ ಏನೋ ರೋಗ" ಅಂತ ನನ್ನ ಹತ್ತಿರ ಹಿಡಿದುಕೊಂಡು ಬರುತ್ತಾರೆ. ಮನೆಯಲ್ಲಿ ಒಂದು ಜವಾರಿ ಹೇಂಟೆ ಇಟ್ಟುಕೊಂಡು ಅದರ ಕೆಳಗೆ ಇವುಗಳ ತತ್ತಿ ಇಡಬಹುದು. ಆದರೆ ಆ ಮರಿಗಳು ತಾಯಿಯಷ್ಟೇ ತತ್ತಿ ಕೊಡುತ್ತವೆ ಅಂತ ನಂಬಬೇಡಿ.

ಕಪ್ಪತಗುಡ್ಡದ ಗಾಳಿ
ಡಾಕ್ಟ್ರೇ, ನಿಮ್ಮ ಸ್ವರ್ಣಧಾರಕ್ಕೆ ಮುಂಗಸಿ ಬುದ್ಧಿ ಕಲಿಸುತ್ತೆ ಬಿಡಿ. ರುಚಿಯಲ್ಲಂತೂ ಜವಾರಿ ಜವಾರಿಯೇ.

ಬ್ಯಾಡಗಿ ಖಾರ
ರುಚಿ ಮಾತು ಬಂತು ಅಂದರೆ ಹುಬ್ಬಳ್ಳಿ ಸಾವಜಿ ಖಾನಾವಳಿಯ ತತ್ತಿ ಮಸಾಲಾ ಬಿಟ್ಟು ಮಾತಾಡೋದು ಅನ್ಯಾಯ. ಎಣ್ಣೆ ಮೇಲೆ ತೇಲ್ತಿರಬೇಕು, ಮೂಗಲ್ಲಿ ಕಣ್ಣಲ್ಲಿ ನೀರು ಬರಬೇಕು.

ಗೃಹವಿಜ್ಞಾನ
ಸಾವಜಿ ಆಮೇಲೆ. ಮೊದಲ ಪೋಸ್ಟಿನಲ್ಲಿ ಇರುವ ಒಂದು ಮಾತನ್ನು ತಿದ್ದಬೇಕು. ತತ್ತಿ ತಿಂದರೆ ರಕ್ತಹೀನತೆ ಹೋಗುತ್ತದೆ ಅಂತ ಸಂಘದಲ್ಲಿ ದಯವಿಟ್ಟು ಹೇಳಬೇಡಿ.

ಒಂದು ತತ್ತಿಯಲ್ಲಿ ಕಬ್ಬಿಣ ಇರುವುದು ಸುಮಾರು 1 ಮಿಲಿಗ್ರಾಂ. ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪ, ಯಾಕೆಂದರೆ ಹಳದಿಯಲ್ಲಿರುವ ಒಂದು ಪ್ರೋಟೀನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಪೋಷಣೆ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಒಬ್ಬ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ತತ್ತಿಯಿಂದ ಅದನ್ನು ತುಂಬಿಸುವುದು ಆಗದ ಮಾತು. ತತ್ತಿಯ ದೊಡ್ಡಸ್ತಿಕೆ ಬೇರೆ ಕಡೆ ಇದೆ: ಆರು ಗ್ರಾಂನಷ್ಟು ಒಳ್ಳೆಯ ಪ್ರೋಟೀನ್, ಬಿ12, ಎ ವಿಟಮಿನ್, ಕೋಲೀನ್. ಬಿ12 ಕೊರತೆಯಿಂದಲೂ ಒಂದು ಬಗೆಯ ರಕ್ತಹೀನತೆ ಬರುತ್ತದೆ, ಅಲ್ಲಿ ತತ್ತಿಗೆ ಕೆಲಸ ಇದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 44.8 ಇತ್ತು. ಜಾಸ್ತಿಯೇ ಆಗಿದೆ. ಮುಟ್ಟಿನಲ್ಲಿ ಜಾಸ್ತಿ ಹೋಗುವುದು, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳ, ಊಟದ ಜೊತೆಗೇ ಚಹಾ, ಎಲ್ಲ ಸೇರಿಕೊಂಡಿರುತ್ತದೆ. ಗುಳಿಗೆಯೂ ಬೇಕು, ಜಂತುಹುಳದ ಔಷಧವೂ ಬೇಕು. ಊಟ ಮುಗಿದ ತಕ್ಷಣ ಚಹಾ ಕುಡಿಯುವುದನ್ನು ಒಂದು ಗಂಟೆ ಮುಂದೆ ಹಾಕಿದರೆ, ಪಲ್ಯಕ್ಕೆ ಲಿಂಬೆಹಣ್ಣು ಹಿಂಡಿದರೆ ಖರ್ಚಿಲ್ಲದೆ ಸ್ವಲ್ಪ ಲಾಭ.

ಲೆಕ್ಕದ ಮನುಷ್ಯ
ಹಾಗಾದರೆ ಕೋಳಿ ಯೋಜನೆಯೇ ದಂಡ ಅಂತಾಯ್ತು.

ಗೃಹವಿಜ್ಞಾನ
ದಂಡ ಅಂತ ನಾನು ಎಲ್ಲಿ ಅಂದೆ? ಒಂದೇ ಪದಾರ್ಥದ ಮೇಲೆ ಎಲ್ಲ ಭಾರ ಹಾಕಬೇಡಿ ಅಂದೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಒಂದು ಅಳತೆ ಇದೆ. ಆಹಾರವನ್ನು ಹತ್ತು ಗುಂಪು ಮಾಡಿದ್ದಾರೆ. ಹಿಂದಿನ ಒಂದು ದಿನದಲ್ಲಿ ಹೆಂಗಸು ಅದರಲ್ಲಿ ಐದು ಗುಂಪಾದರೂ ತಿಂದಿರಬೇಕು. ನಮ್ಮ ಕಡೆಯ ಊಟ ನೋಡಿ: ಜೋಳದ ರೊಟ್ಟಿ ಒಂದು, ಮಡಕಿ ಕಾಳು ಅಥವಾ ಬೇಳೆ ಎರಡು, ಶೇಂಗಾ ಹಿಂಡಿ (ಚಟ್ನಿಪುಡಿ) ಮೂರು, ಪುಂಡಿ ಪಲ್ಯ ನಾಲ್ಕು, ಮಜ್ಜಿಗೆ ಐದು. ಹಸಿ ಉಳ್ಳಾಗಡ್ಡಿ, ಸವತಿಕಾಯಿ ಕಡಿದರೆ ಆರು. ತತ್ತಿ ಇಲ್ಲದೆಯೇ ದಾಟಿಬಿಡುತ್ತದೆ.

ಆದರೆ ಇದು ಮೊದಲ ಪಂಕ್ತಿಯ ಊಟ. ಮನೆಯ ಹೆಂಗಸು ಕೊನೆಗೆ ಕೂರುವಾಗ ಏನು ಉಳಿದಿರುತ್ತದೆ? ಪಲ್ಯದ ಬೋಗುಣಿಯ ತಳದಲ್ಲಿ ಒಂದು ಚಮಚ, ಸಾರಿನ ತಿಳಿ. ಆಗ ರೊಟ್ಟಿ, ಹಿಂಡಿಗೆ ಬಂದು ನಿಲ್ಲುತ್ತದೆ. ಹದಿನೈದು ಗ್ರಾಂಗಿಂತ ಕಡಿಮೆ ತಿಂದದ್ದು ಲೆಕ್ಕಕ್ಕೇ ಬರುವುದಿಲ್ಲ, ಚಿಟಿಕೆ ಹಿಂಡಿಯೂ ಹೋಯಿತು. ಈ ಅಳತೆ ಒಬ್ಬೊಬ್ಬರಿಗೆ ಪಾಸು ಫೇಲು ಹಾಕೋಕಲ್ಲ, ಒಟ್ಟು ಊರಿನ ಸ್ಥಿತಿ ತಿಳಿಯೋಕೆ ಅನ್ನುವುದು ಮಾತ್ರ ನೆನಪಿರಲಿ.

ಅಂಗನವಾಡಿ ಅಕ್ಕ
ಇದನ್ನೇ ಹೇಳೋಣ ಅಂತ ಬಂದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾದಾಗ ಗರ್ಭಿಣಿಯರು, ಬಾಣಂತಿಯರು ಕೇಂದ್ರಕ್ಕೇ ಬಂದು ಊಟ ಮಾಡಬೇಕು ಅಂತ ಮಾಡಿದರು. ಅನ್ನ, ಬೇಳೆ ಸಾರು, ಪಲ್ಯ, ತತ್ತಿ, ಹಾಲು, ಶೇಂಗಾ ಚಿಕ್ಕಿ. ಅದಕ್ಕೂ ಮೊದಲು ರೇಷನ್ ಮನೆಗೇ ಹೋಗುತ್ತಿತ್ತು. ಮನೆಗೆ ಹೋದ ಮೇಲೆ ಅದು ಮನೆಮಂದಿಯ ರೇಷನ್. ಬಸುರಿ ಹೆಂಗಸಿಗೆ ಸಿಗುತ್ತಿದ್ದದ್ದು ಅದರ ಒಂದು ತುತ್ತು.

ಮೊದಮೊದಲು ಯಾರೂ ಬರಲಿಲ್ಲ. "ಹೊಟ್ಟಿಗಿಲ್ಲದವ್ರ ಗತೆ ಅಲ್ಲಿ ಕುಂತು ಉಣ್ಣೂದೇನು" ಅನ್ನುವ ಅತ್ತೆಯರು. ಜಾತಿ ಮಾತು ಬೇರೆ. ಬಿತ್ತನೆ, ಸುಗ್ಗಿ ಬಂದರೆ ಹೊಲಕ್ಕೆ ಕೂಲಿಗೆ ಹೋದವರು ಮಧ್ಯಾಹ್ನ ಊರೊಳಗೆ ನಡೆದು ಬರೋದು ಹೇಗೆ? ಈಗಲೂ ಆ ಸಮಸ್ಯೆ ಪೂರ್ತಿ ಹೋಗಿಲ್ಲ. ಆದರೆ ಬಂದವರು ತತ್ತಿ ತಿಂತಾರೆ. ಸುಲಿದು ತಟ್ಟೆಗೆ ಹಾಕಿ ಎದುರಿಗೆ ಕೂತರೆ ತಿಂತಾರೆ. ಸೆರಗಲ್ಲಿ ಕಟ್ಟಿಕೊಂಡು ಹೊರಟವರನ್ನು ನಿಲ್ಲಿಸಿ "ಇದು ಹೊಟ್ಟೆಯಲ್ಲಿರೋ ಕೂಸಿಂದು, ಮನೇಲಿರೋ ಕೂಸಿಗೆ ನಾಳೆ ನಾನೇ ಕೊಡ್ತೀನಿ" ಅಂತೀನಿ.

ಮಜ್ಜಿಗೆ ಮಂದಿ
ಎಲ್ಲರೂ ತತ್ತಿ ತತ್ತಿ ಅಂತಿದ್ದೀರಿ. ಗದಗ, ಧಾರವಾಡ ಜಿಲ್ಲೆಯ ಊರುಗಳಲ್ಲಿ ಅರ್ಧ ಓಣಿ ತತ್ತಿ ಮುಟ್ಟದವರು. ಅವರ ಹೆಂಗಸರಿಗೆ ರಕ್ತಹೀನತೆ ಇಲ್ವಾ? ಅವರಿಗೇನು ಯೋಜನೆ? ತಿನ್ನದವರ ಮನೆ ಮುಂದೆ ಕೋಳಿ ಬಿಟ್ಟು ಜಗಳ ಹಚ್ಚೋದು ಬಿಟ್ಟು, ಒಂದು ಎಮ್ಮೆ ಕೊಡಿಸಿ.

ಶಾಲೆ ಮಾಸ್ತರ
ಶುರುವಾಯ್ತು! 2021ರಲ್ಲಿ ಸರ್ಕಾರ ಶಾಲೆಯಲ್ಲಿ ತತ್ತಿ ಕೊಡ್ತೀವಿ ಅಂದಾಗ ಇದೇ ಗಲಾಟೆ. ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಯಾರಿಗೂ ಒತ್ತಾಯ ಇರಲಿಲ್ಲ. ನಮ್ಮ ಶಾಲೆಯಲ್ಲಿ ಬಾಳೆಹಣ್ಣಿನ ಸಾಲು ವಾರ ವಾರ ಗಿಡ್ಡ ಆಗುತ್ತಾ ಹೋಯಿತು. ಇಷ್ಟೇ ಹೇಳ್ತೀನಿ, ಹೆಚ್ಚು ಕೆದಕಬೇಡಿ.

ಮಜ್ಜಿಗೆ ಮಂದಿ
ಕೆದಕಿದ್ದು ನೀವು ಮಾಸ್ತರೇ. ನಾನು ತಿನ್ನೋರನ್ನು ಬೇಡ ಅಂದಿಲ್ಲ. ತಿನ್ನದವರನ್ನು ಮರೀಬೇಡಿ ಅಂದೆ.

ಗೃಹವಿಜ್ಞಾನ
ಮಜ್ಜಿಗೆಯವರ ಮಾತು ನ್ಯಾಯವಾದದ್ದು. ತತ್ತಿ ತಿನ್ನದ ಮನೆಯಲ್ಲಿ ಹಾಲು, ಮೊಸರು ಬಿಟ್ಟರೆ ಬಿ12ಗೆ ಬೇರೆ ದಾರಿ ಕಡಿಮೆ. ಅಲ್ಲೂ ಇದೇ ಕಥೆ: ಹಾಲು ಡೇರಿಗೆ ಹೋಗುತ್ತದೆ, ಕೆನೆ ಮೊಸರು ಗಂಡಸರ ತಟ್ಟೆಗೆ, ಹೆಂಗಸಿಗೆ ನೀರು ಮಜ್ಜಿಗೆ. ಎಮ್ಮೆ ಕೊಟ್ಟರೂ ಹಿತ್ತಲಬಾಗಿಲು ಅವರ ಪ್ರಶ್ನೆ ಹಾಗೇ ಉಳಿಯುತ್ತದೆ.

ಹಾಂ, ಹಕ್ಕರಕಿ, ಕಿರಕಸಾಲಿ, ರಾಜಗಿರಿ ಸೊಪ್ಪು, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೊಳಕೆ ಬರಿಸಿದ ಮಡಕಿ. ಇವೆಲ್ಲ ಎಲ್ಲ ಓಣಿಯವರೂ ತಿನ್ನುವಂಥವು. ಹೊಲದ ಬದುವಿನಲ್ಲಿ ಹಕ್ಕರಕಿ ಸುಮ್ನೆ ಸಿಗುತ್ತಿತ್ತು. ಕಳೆನಾಶಕ ಹೊಡೆಯೋಕೆ ಶುರು ಮಾಡಿದ ಮೇಲೆ ಅದೂ ಅಪರೂಪ.

ಕಪ್ಪತಗುಡ್ಡದ ಗಾಳಿ
ಹೌದು! ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೇಲೆ ಎಣ್ಣೆ, ಬಿಸಿ ರೊಟ್ಟಿ. ಈಗ ಗದಗ ಮಾರ್ಕೆಟ್ಟಿನಲ್ಲಿ ಹಿಡಿ ಸೊಪ್ಪಿಗೆ ರೊಕ್ಕ ಕೊಟ್ಟು ತರಬೇಕು.

ಬೆಂಗಳೂರಿನ ಗದಗಿನವ
ಈಕ್ವೆಡಾರ್ ದೇಶದಲ್ಲಿ ಒಂದು ಅಧ್ಯಯನ ಆಗಿದೆ, 2017ರಲ್ಲಿ ಪ್ರಕಟ ಆಯ್ತು. ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ದಿನಾ ಒಂದು ತತ್ತಿ, ಆರು ತಿಂಗಳು. ಕುಳ್ಳಾಗಿ ಉಳಿಯುವುದು ಅರ್ಧದಷ್ಟು ಕಡಿಮೆ ಆಯ್ತು. ಅದಕ್ಕೇ ಹೇಳೋದು, ಹೆಂಗಸರು ತಿನ್ನದಿದ್ದರೂ ಪರವಾಗಿಲ್ಲ, ಮಕ್ಕಳಿಗೆ ಹೋಗ್ತಿದೆ ಅಲ್ವಾ? ಅದೇ ಯಶಸ್ಸು.

ಪಶುವೈದ್ಯ ಹಾವೇರಿ
ಅದೇ ಪ್ರಯೋಗವನ್ನು ಆಮೇಲೆ ಮಲಾವಿಯಲ್ಲಿ ಮಾಡಿದಾಗ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ಒಂದು ಊರಿನ ಫಲಿತಾಂಶವನ್ನು ಇನ್ನೊಂದು ಊರಿಗೆ ಹೊತ್ತೊಯ್ಯುವಾಗ ಆ ಊರಿನ ತಟ್ಟೆಯಲ್ಲಿ ಈಗ ಏನಿದೆ ಅಂತ ನೋಡಬೇಕು.

ರೊಟ್ಟಿಬುಟ್ಟಿ
ಬೆಂಗಳೂರಿನ ಅಣ್ಣಾ, "ಹೆಂಗಸರು ತಿನ್ನದಿದ್ದರೂ ಪರವಾಗಿಲ್ಲ" ಅನ್ನೋದೇ ರೋಗ. ಕೋಳಿಗೆ ಕಾಳು ಹಾಕೋಳು ಅವಳು, ಸಂಜೆ ಕವುಚಿ ಹಾಕೋಳು ಅವಳು, ಗೂಡು ಬಳಿಯೋಳು ಅವಳು. ಅವಳು ಕೂಸು ಹೆರೋ ಯಂತ್ರ ಏನಲ್ಲ. ಬಸುರಿ ಅಲ್ಲದಾಗಲೂ, ಬಾಣಂತಿ ಅಲ್ಲದಾಗಲೂ ಅವಳಿಗೆ ಹಸಿವು ಆಗುತ್ತೆ.

ಅಂಗನವಾಡಿ ಅಕ್ಕ
ಚಪ್ಪಾಳೆ.

ಗರಡಿ ಹುಡುಗ
ನಡುವೆ ಒಂದು ಪ್ರಶ್ನೆ. ನಮ್ಮ ವಸ್ತಾದರು ಹಸಿ ತತ್ತಿ ಹಾಲಲ್ಲಿ ಒಡೆದು ಕುಡಿ ಅಂತಾರೆ. ಹೆಂಗಸರೂ ಹಾಗೇ ಕುಡಿದರೆ ಬೇಗ ಶಕ್ತಿ ಬರಲ್ವಾ? ಬೇಯಿಸಿದರೆ ಸತ್ವ ಸುಟ್ಟು ಹೋಗುತ್ತೆ ಅಂತಾರೆ.

ಗೃಹವಿಜ್ಞಾನ
ಉಲ್ಟಾ ತಮ್ಮಾ. ಬೇಯಿಸಿದ ತತ್ತಿಯ ಪ್ರೋಟೀನ್ ಶೇ 90ರಷ್ಟು ದಕ್ಕುತ್ತದೆ, ಹಸಿಯದ್ದು ಅರ್ಧವೇ. ಹಸಿ ಬಿಳಿ ಭಾಗ ಬಯೋಟಿನ್ ಅನ್ನುವ ವಿಟಮಿನ್ನನ್ನೂ ಕಟ್ಟಿಹಾಕುತ್ತದೆ. ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ಭಯ ಬೇರೆ. ವಸ್ತಾದರಿಗೆ ನಮಸ್ಕಾರ ಹೇಳಿ, ನೀನು ಕುದಿಸಿ ತಿನ್ನು.

ಗರಡಿ ಹುಡುಗ
ವಸ್ತಾದರ ಮುಂದೆ ಇದನ್ನು ಹೇಳೋ ಧೈರ್ಯ ಇಲ್ಲ ಅಕ್ಕಾ.

ಅಂಗನವಾಡಿ ಅಕ್ಕ
ನಮ್ಮ ಕಡೆ ಇನ್ನೊಂದು ಇದೆ, "ತತ್ತಿ ಉಷ್ಣ". ಬೇಸಿಗೆಯಲ್ಲಿ ತಿನ್ನಬಾರದು, ಬಸುರಿಯಂತೂ ಮುಟ್ಟಲೇಬಾರದು. ನಾನು ವಾದ ಮಾಡಲ್ಲ. "ಹಾಗಾದ್ರೆ ಮಜ್ಜಿಗೆ ಜೊತೆ ತಿನ್ರಿ, ತಂಪು ಆಗುತ್ತೆ" ಅಂತೀನಿ. ತಿಂತಾರೆ.

ಬ್ಯಾಡಗಿ ಖಾರ
ಇದಪ್ಪಾ ನಿಜವಾದ ಪೌಷ್ಟಿಕತೆಯ ಶಿಕ್ಷಣ!

ಹಿತ್ತಲಬಾಗಿಲು
ಎಲ್ಲ ಓದಿದೆ. ಹಾಗಾದರೆ ತತ್ತಿ ಎಲ್ಲಿ ತಿನ್ನುತ್ತಾರೆ, ಯಾರ ಎದುರು ತಿನ್ನುತ್ತಾರೆ ಅನ್ನೋದು ಮುಖ್ಯ ಅನ್ನಿಸ್ತಿದೆ. ಮನೆಯೊಳಗೆ ಅವಳಿಗೆ ಸಿಗೋ ಹಾಗೆ ಮಾಡೋದು ಹೇಗೆ? ಅತ್ತೆ, ಗಂಡ ಎಲ್ಲ ಇರುವಾಗ?

ಹೊಳೆಆಲೂರ ಹೊಲ
ನಮ್ಮೂರಲ್ಲಿ ಒಬ್ಬ ಅಜ್ಜಿ ಒಂದು ಉಪಾಯ ಮಾಡಿದ್ದರು. ಸೊಸೆ ಬಾಣಂತಿ ಆದಾಗ ಒಂದು ಹೇಂಟೆಯ ಕಾಲಿಗೆ ಕೆಂಪು ದಾರ ಕಟ್ಟಿ, "ಈ ಕೋಳಿ ತತ್ತಿ ಮಾರೂದಿಲ್ಲ, ಇದು ಸೊಸೀದು" ಅಂದುಬಿಟ್ಟರು. ಮಗ, ಮೊಮ್ಮಕ್ಕಳು ಯಾರೂ ಅದರ ತತ್ತಿ ಕೇಳುತ್ತಿರಲಿಲ್ಲ. ಹೇಳಿದವರು ಅತ್ತೆ ಅನ್ನೋದೇ ಇಲ್ಲಿ ಮುಖ್ಯ. ಸೊಸೆಯೇ ದಾರ ಕಟ್ಟಿದ್ದರೆ ಮನೆಯಲ್ಲಿ ರಾಮಾಯಣ ಆಗುತ್ತಿತ್ತು.

ನಿಮ್ಮ ಮಾತುಕತೆಗೆ ಸೊಸೆಯಂದಿರನ್ನು ಮಾತ್ರ ಕರೀತೀರಾ? ಅತ್ತೆಯರನ್ನು ಕರೀರಿ.

ಲೆಕ್ಕದ ಮನುಷ್ಯ
ದಾರ ಕಟ್ಟಿದರೂ ಕೊನೆಗೆ ಮಗು ಅತ್ತರೆ ತತ್ತಿ ಮಗುವಿಗೇ. ತಾಯಿ ಕರುಳು ದಾರ ನೋಡಲ್ಲ.

ರೊಟ್ಟಿಬುಟ್ಟಿ
ಅದೂ ನಿಜ. ಅದಕ್ಕೆ ನನ್ನ ಅನುಭವದ ಒಂದು ಮಾತು. ಕುದಿಸಬೇಡಿ. ಕುದಿಸಿದ ತತ್ತಿ ಎಣಿಕೆಗೆ ಸಿಗುತ್ತೆ. ನಾಲ್ಕು ತತ್ತಿ, ಗಂಡನಿಗೆ ಎರಡು, ಮಕ್ಕಳಿಗೆ ಒಂದೊಂದು, ಮುಗೀತು. ಅದೇ ನಾಲ್ಕನ್ನು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೆಂತೆ ಸೊಪ್ಪು ಹಾಕಿ ಹುರಿದು ಪಲ್ಯ ಮಾಡಿ. ಬೋಗುಣಿ ತುಂಬುತ್ತೆ. ಯಾರಿಗೆ ಎಷ್ಟು ತತ್ತಿ ಹೋಯ್ತು ಅಂತ ಯಾರೂ ಎಣಿಸೋಕಾಗಲ್ಲ. ಬಡಿಸೋ ಮೊದಲು ನಿಮ್ಮ ಪಾಲು ಒಂದು ಬಟ್ಟಲಿಗೆ ತೆಗೆದು ರೊಟ್ಟಿ ಬುಟ್ಟಿ ಕೆಳಗೆ ಇಡಿ. ಆಮೇಲೆ ಎಲ್ಲರಿಗೂ ನೀಡಿ. ನನ್ನ ಹೆಸರು ಸುಮ್ನೆ ಬಂದಿದ್ದಲ್ಲ.

ಬ್ಯಾಡಗಿ ಖಾರ
ನಮ್ಮ ಮನೆಯಾಕೆ ಇದನ್ನು ಓದಬಾರದು ಅಂತ ಬೇಡಿಕೊಳ್ತೀನಿ.

ಶಾಲೆ ಮಾಸ್ತರ
ಕದ್ದು ತಿನ್ನೋ ಹಾಗಾಯ್ತಲ್ಲ ಅಕ್ಕಾ. ಅವಳದೇ ಮನೆ, ಅವಳದೇ ಕೋಳಿ.

ರೊಟ್ಟಿಬುಟ್ಟಿ
ಮಾಸ್ತರೇ, ನೀವು ಮೊದಲ ಪಂಕ್ತಿಯಲ್ಲಿ ಕೂರೋರು. ನಾಳೆಯಿಂದ ಕೊನೆಗೆ ಕೂತು ನೋಡಿ, ಆಮೇಲೆ ಮಾತಾಡೋಣ. ಗಂಡಸರು ಬದಲಾಗೋವರೆಗೂ ಹೊಟ್ಟೆ ಕಾಯಲ್ಲ.

ಅಂಗನವಾಡಿ ಅಕ್ಕ
ಸಂಘದ ಸಭೆ ವಾರಕ್ಕೊಮ್ಮೆ ಇದೆ ಅಲ್ವಾ? ಎಲ್ಲರೂ ಒಂದೊಂದು ತತ್ತಿ ತರಲಿ. ಅಲ್ಲೇ ಒಲೆ ಹಚ್ಚಿ ಒಂದೇ ಪಾತ್ರೆಯಲ್ಲಿ ಕುದಿಸಿ. ಲೆಕ್ಕಪತ್ರ ಮುಗಿಯೋ ಹೊತ್ತಿಗೆ ಬೆಂದಿರುತ್ತೆ. ಅಲ್ಲೇ ಉಪ್ಪು, ಮೆಣಸಿನಪುಡಿ ಹಾಕಿಕೊಂಡು ತಿನ್ನಲಿ. ವಾರಕ್ಕೆ ಒಂದು ಗ್ಯಾರಂಟಿ. ತತ್ತಿ ತಿನ್ನದವರು ಶೇಂಗಾ ಬೆಲ್ಲ ತರಲಿ. ನೀವು ಚಾರ್ಟ್ ತೋರಿಸೋ ಅರ್ಧ ಗಂಟೆ ಬೇಕಾದರೆ ಬಿಡಿ.

ಗೃಹವಿಜ್ಞಾನ
ಚಾರ್ಟಿನ ಬಗ್ಗೆ ನಾನೂ ಒಪ್ಪುತ್ತೇನೆ. ಪ್ರೋಟೀನ್ ಅಂತ ಬರೆದ ಬಣ್ಣದ ಹಾಳೆ ಗೋಡೆಗೆ ಅಂಟಿಸಿ ಬಂದರೆ ಕೆಲಸ ಮುಗಿಯಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ವೃತ್ತ ಬರೆದು, ನಿನ್ನೆ ತಿಂದದ್ದಕ್ಕೆ ಒಂದೊಂದು ಹುಣಸೆಬೀಜ ಇಡೋಕೆ ಹೇಳಿ. ಗಂಡನ ಊಟಕ್ಕೆ ಇನ್ನೊಂದು ಕಡೆ ಜೋಳದ ಕಾಳು. ಎರಡನ್ನೂ ಅಕ್ಕಪಕ್ಕ ನೋಡಿದಾಗ ಅವರೇ ಮಾತಾಡೋಕೆ ಶುರು ಮಾಡ್ತಾರೆ. ಓದು ಬರಹ ಬೇಕಿಲ್ಲ.

ಬೆಂಗಳೂರಿನ ಗದಗಿನವ
ಪ್ಲಾಸ್ಟಿಕ್ ತತ್ತಿ ಬರ್ತಿವೆ ಅಂತ ವಾಟ್ಸಾಪಿನಲ್ಲಿ ವಿಡಿಯೋ ನೋಡಿದೆ. ಅದಕ್ಕೇ ಮನೆ ಕೋಳಿನೇ ಒಳ್ಳೇದು.

ಪಶುವೈದ್ಯ ಹಾವೇರಿ
ಪ್ಲಾಸ್ಟಿಕ್ ತತ್ತಿ ಅನ್ನೋದು ಸುಳ್ಳು, ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಹಳೇ ತತ್ತಿಯ ಒಳಪೊರೆ ಒಣಗಿ ಹಾಳೆ ಥರ ಬರುತ್ತೆ, ಅಷ್ಟೇ. ಸಿಪ್ಪೆ ಕಂದು ಇದ್ದರೆ ಸತ್ವ ಜಾಸ್ತಿ ಅನ್ನೋದೂ ಸುಳ್ಳು, ಅದು ತಳಿಯ ಬಣ್ಣ. ಹೊರಗೆ ಸೊಪ್ಪು ಮೇಯುವ ಕೋಳಿಯ ಹಳದಿ ಗಾಢ ಇರುತ್ತೆ, ನಿಜ.

ಅದಕ್ಕಿಂತ ದೊಡ್ಡ ವಿಷಯ ಇಲ್ಲಿ ಯಾರೂ ಎತ್ತಿಲ್ಲ. ಹಿತ್ತಲಬಾಗಿಲು ಅವರೇ, ರಾಣಿಖೇತ್ ಲಸಿಕೆ ಹಾಕಿಸಿದ್ದೀರಾ? ಆ ರೋಗ ಬಂದರೆ ಹಸಿರು ಭೇದಿ, ಕತ್ತು ತಿರುಚಿಕೊಳ್ಳೋದು, ಒಂದೇ ವಾರದಲ್ಲಿ ಓಣಿಗೆ ಓಣಿಯೇ ಖಾಲಿ. ತಟ್ಟೆ, ಪಂಕ್ತಿ, ಅತ್ತೆ ಸೊಸೆ ಎಲ್ಲ ಚರ್ಚೆ ಅಲ್ಲಿಗೆ ಮುಗಿಯಿತು. ಮರಿಗೆ ಐದರಿಂದ ಏಳು ದಿನ ಆದಾಗ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ, ತಿಂಗಳು ತುಂಬಿದಾಗ ಇನ್ನೊಮ್ಮೆ. ಎಂಟು ವಾರದ ಹೊತ್ತಿಗೆ ರೆಕ್ಕೆಯ ಹತ್ತಿರ ಆರ್2ಬಿ ಚುಚ್ಚುಮದ್ದು.

ಹಿತ್ತಲಬಾಗಿಲು
ಮರಿ ಕೊಡುವಾಗ ಮೊದಲಿನವು ಆಗಿದ್ದವು ಡಾಕ್ಟರ್. ಆಮೇಲಿನದು ಕೆಲವರು ಹಾಕಿಸಿದ್ದಾರೆ, ಕೆಲವರು ಇಲ್ಲ. ಐದು ಕೋಳಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ "ಇಷ್ಟಕ್ಕೆ ಬಾಟಲಿ ಒಡೆಯೋಕಾಗಲ್ಲ" ಅಂತಾರಂತೆ.

ಪಶುವೈದ್ಯ ಹಾವೇರಿ
ಅವರು ಹೇಳೋದರಲ್ಲೂ ಅರ್ಥ ಇದೆ. ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಅದಕ್ಕೆ ಊರಿಗೆಲ್ಲ ಒಂದೇ ದಿನ ಇಟ್ಟುಕೊಳ್ಳಿ. ಮುಂಜಾನೆ ಕತ್ತಲಿರುವಾಗಲೇ ಬನ್ನಿ ಅನ್ನಿ, ಬುಟ್ಟಿ ಎತ್ತೋ ಮೊದಲು. ಒಮ್ಮೆ ಬಿಟ್ಟರೆ ಆಮೇಲೆ ಕೋಳಿ ಹಿಡಿಯೋಕೆ ಊರ ಹುಡುಗರೆಲ್ಲ ಬೇಕು. ಲಸಿಕೆ ಐಸಿನ ಡಬ್ಬಿಯಲ್ಲೇ ಇರಬೇಕು, ಕಿಸೆಯಲ್ಲಿ ತರಬೇಡಿ.

ಬಾಂಗ್ಲಾದೇಶದಲ್ಲಿ ಬ್ರಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ 1980ರ ದಶಕದಿಂದಲೇ ಹಳ್ಳಿ ಹೆಂಗಸರಿಗೆ ಲಸಿಕೆ ಹಾಕೋದು ಕಲಿಸಿತು. ಕೋಳಿಗೆ ಇಷ್ಟು ಅಂತ ಅವರು ಚಿಲ್ಲರೆ ತಗೋತಾರೆ. ನಿಮ್ಮ ಸಂಘದಲ್ಲೂ ಒಬ್ಬ ಪಶು ಸಖಿ ತಯಾರಾದರೆ ನನ್ನಂಥವರನ್ನು ಕಾಯಬೇಕಿಲ್ಲ. ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಬಗ್ಗೆ ವಿಚಾರಿಸಿ, ಗದಗಿನ ಪಶುವೈದ್ಯಕೀಯ ಕಾಲೇಜೂ ನಿಮಗೆ ಹತ್ತಿರ.

ಇನ್ನೊಂದು, ರಾತ್ರಿ ಕೋಳಿ ಮನೆಯೊಳಗೆ ಕವುಚಬೇಡಿ. ಅಂಬೆಗಾಲಿಡುವ ಕೂಸು ಹಿಕ್ಕೆ ಮುಟ್ಟಿ ಬಾಯಿಗೆ ಹಾಕಿಕೊಳ್ಳುತ್ತೆ. ಕೋಳಿ ಒಳಗೆ ಮಲಗುವ ಮನೆಯ ಮಕ್ಕಳ ಬೆಳವಣಿಗೆ ಹಿಂದೆ ಬೀಳುತ್ತದೆ ಅಂತ ಇಥಿಯೋಪಿಯದ ಅಂಕಿಅಂಶಗಳಲ್ಲಿ ಕಂಡಿದೆ.

ಕಪ್ಪತಗುಡ್ಡದ ಗಾಳಿ
ಹೊರಗೆ ಇಟ್ಟರೆ ಮುಂಗಸಿ, ಒಳಗೆ ಇಟ್ಟರೆ ರೋಗ. ನೆಲದಿಂದ ಎರಡು ಅಡಿ ಎತ್ತರಕ್ಕೆ ಕಟ್ಟಿಗೆ ಗೂಡು ಮಾಡಿ, ಸಣ್ಣ ಕಣ್ಣಿನ ಜಾಲರಿ ಹಾಕಿ. ದೊಡ್ಡ ಕಣ್ಣಿನದು ಹಾಕಿದರೆ ಕೈ ತೂರಿಸಿ ತಲೆ ಕಿತ್ತುಕೊಂಡು ಹೋಗುತ್ತೆ, ಮುಂಡ ಒಳಗೇ ಬಿದ್ದ ಹಾಗಿರುತ್ತೆ. ಮೇವಿಗೆ ಒಂದು ಉಪಾಯ: ಹಳೇ ಗಡಿಗೆಯಲ್ಲಿ ಒಣ ಸೆಗಣಿ, ಹೊಟ್ಟು ತುಂಬಿ ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕಿ. ಒಂದೆರಡು ದಿನಕ್ಕೆ ಗಡಿಗೆ ತುಂಬ ಗೆದ್ದಲು. ಮರಿಗಳಿಗೆ ಅದಕ್ಕಿಂತ ಒಳ್ಳೇ ಊಟ ಇಲ್ಲ, ಖರ್ಚೂ ಇಲ್ಲ.

ಲೆಕ್ಕದ ಮನುಷ್ಯ
ಗೆದ್ದಲಿನ ಲೆಕ್ಕ ಒಪ್ಪಿದೆ. ಕುದಿಸುವ ಸಭೆಯ ಲೆಕ್ಕವೂ ಒಪ್ಪಿದೆ. ಮಾರಾಟದ ರೊಕ್ಕದಲ್ಲಿ ವಾರಕ್ಕೆ ಇಷ್ಟು ಅಂತ ಸಂಘದ ಪುಸ್ತಕದಲ್ಲಿ ಅವಳ ಹೆಸರಿಗೇ ಜಮಾ ಆಗಲಿ. ಆಗ ನನ್ನ ಎರಡು ಬಿಳಿ ತತ್ತಿಯನ್ನೂ ಅವಳೇ ತರಿಸಬಹುದು.

ರೊಟ್ಟಿಬುಟ್ಟಿ
ಈಗ ಮಾತಿಗೆ ಬಂದ್ರಿ ನೋಡಿ ಅಣ್ಣಾ. ಪುಸ್ತಕ ಮಾತ್ರ ಸಂಘದಲ್ಲೇ ಇರಲಿ, ಮನೆಗೆ ಕಳಿಸಬೇಡಿ.

ಹಿತ್ತಲಬಾಗಿಲು
ಮುಂದಿನ ಗುರುವಾರ ಸಭೆ ಇದೆ. ಅತ್ತೆಯರನ್ನೂ ಕರೆದಿದ್ದೇನೆ, ಪಾತ್ರೆ, ಒಲೆ ನಾನು ಒಯ್ಯುತ್ತೇನೆ. ಲಸಿಕೆಗೆ ಮೂರು ಊರು ಸೇರಿಸಿದರೆ 400 ಕೋಳಿ ಆಗಬಹುದು. ಡಾಕ್ಟರ್, ಶ್ರಾವಣದಲ್ಲಿ ಹಾಕಿಸಬಹುದಾ, ಮಳೆ ಇದ್ದರೆ ಪರವಾಗಿಲ್ವಾ?

ಪಶುವೈದ್ಯ ಹಾವೇರಿ
ಮಳೆಗೆ ಏನೂ ಇಲ್ಲ. ಕೋಳಿ ತೂಕಡಿಸುತ್ತಿದ್ದರೆ, ಮೊದಲೇ ಕಾಯಿಲೆ ಬಿದ್ದಿದ್ದರೆ ಹಾಕಬೇಡಿ. ಒಂದು ವಾರ ಮೊದಲು ಜಂತುಹುಳದ ಔಷಧ ಕುಡಿಸಿ. ಆಸ್ಪತ್ರೆಗೆ ಈಗಲೇ ಬರೆದು ಕೊಡಿ, 400 ಅಂದರೆ ಅವರೇ ಊರಿಗೆ ಬರುತ್ತಾರೆ.

ಬ್ಯಾಡಗಿ ಖಾರ
ಶ್ರಾವಣದಲ್ಲಿ ಅರ್ಧ ಊರು ತತ್ತಿ ಬಿಡುತ್ತೆ. ಗಂಡಸರೂ ಬಿಡ್ತಾರೆ. ವ್ಯಾಪಾರಿ ರೇಟು ಇಳಿಸ್ತಾನೆ. ಬುಟ್ಟಿ ತುಂಬಿರುತ್ತೆ, ಸಭೆಗೆ ಇದಕ್ಕಿಂತ ಒಳ್ಳೆ ತಿಂಗಳು ಸಿಗಲ್ಲ.

ಅಂಗನವಾಡಿ ಅಕ್ಕ
ಹೆಂಗಸರೇ ಮೊದಲು ಬಿಡೋದು ತಮ್ಮಾ, ಸೋಮವಾರದ ಉಪವಾಸ ಬೇರೆ. ಶ್ರಾವಣ ಶುರುವಾಗೋ ಮೊದಲೇ ಒಂದೆರಡು ಸಭೆ ಮುಗಿಸಿಬಿಡಿ ಹಿತ್ತಲಬಾಗಿಲು ಅವರೇ. ಆ ತಿಂಗಳು ಶೇಂಗಾ ಉಂಡಿ ಮಾಡಿ, ಎಲ್ಲ ಓಣಿಯವರೂ ಬರ್ತಾರೆ.